ಮುದುಕಿಯ ಡಬ್ಬಿ ಮತ್ತು ಹದಿನೇಳು ಕೇಸುಗಳು

ಲಿಯೊನೆಲ್ ಕ್ಯಾಸ್ತೆಲಿನೊ ಅವರು 1953ರ ಜೂನ್ 29ರಂದು ಉಡುಪಿಯ ಹತ್ತಿರದ ಶಿರ್ವದಲ್ಲಿ ಹುಟ್ಟಿದರು. 1993ರ ಮಾರ್ಚ್ 6, ಶನಿವಾರ, ದುಬೈಯ ನಮ್ಮ ಶೂಟಿಂಗ್ ಕ್ಲಬ್ಬಿನ ಕೆಲಸಕ್ಕೆ ಸೇರಿದರು. 2001ರ ಡಿಸೆಂಬರ್ 6, ಗುರುವಾರ, ವೀಸಾ ರದ್ದಾಗಿ ಊರಿಗೆ ಹೊರಟರು. ಮೊದಲಿನ ಎರಡು ತಾರೀಖುಗಳನ್ನು ಅವರ ಪಾಸ್‌ಪೋರ್ಟಿನಿಂದಲೂ ನೇಮಕದ ಪತ್ರದಿಂದಲೂ ವಹಿಗೆ ಇಳಿಸಿದವನು ನಾನು. ಮೂರನೆಯ ತಾರೀಖಿಗೆ ಕಾರಣನಾದವನೂ ನಾನೇ. ಆ ಕಾರಣವನ್ನು ಎರಡು ವರ್ಷಗಳ ಕಾಲ ಯಾವ ವಹಿಯಲ್ಲಿಯೂ ಬರೆಯದೆ ಉಳಿಸಿದ್ದೆನಾದ್ದರಿಂದ ಈಗ ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಕ್ಲಬ್ಬು ಇದ್ದದ್ದು ಅಲ್ ಐನ್ ರಸ್ತೆಯ ಬದಿಗೆ, ಈಗ ಸಿಲಿಕಾನ್ ಓಯಸಿಸ್‌ನ ಕಟ್ಟಡಗಳು ನಿಂತಿರುವ ಜಾಗವನ್ನು ದಾಟಿ ಹದಿನಾಲ್ಕು ಕಿಲೋಮೀಟರು ಮುಂದೆ, ಬರೀ ಮರಳಿನ ನಡುವೆ. ಅದು ಖಾಸಗಿಯವರದು, ಹೆಸರು ಇಲ್ಲಿ ಬೇಡ. ಮಾಲೀಕರನ್ನು ನಾವೆಲ್ಲ ಅಲ್ಲಿಯ ರೂಢಿಯಂತೆ ಅರ್ಬಾಬ್ ಎನ್ನುತ್ತಿದ್ದೆವು. ನಾನು 1991ರ ಸೆಪ್ಟೆಂಬರ್ 1ರಿಂದ ಅಲ್ಲಿ ದಾಸ್ತಾನಿನ ಗುಮಾಸ್ತ. ಎಷ್ಟು ರೈಫಲ್, ಎಷ್ಟು ತೋಟೆ, ಎಷ್ಟು ಗ್ರಾಂ ಮದ್ದು, ಹಾರಿಸಿದ ಮೇಲೆ ಉಳಿದ ಎಷ್ಟು ಖಾಲಿ ಹಿತ್ತಾಳೆ ಕೇಸು ಎಂದು ಪೊಲೀಸ್ ಇಲಾಖೆಯವರು ಕೇಳಿದಾಗ ಉತ್ತರ ಕೊಡಬೇಕಾದ ವಹಿ ನನ್ನ ಕೈಯಲ್ಲಿತ್ತು. ಮೈಸೂರಿನಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು ತಾರೀಖಿಲ್ಲದ ಪುಟವನ್ನು ತಿದ್ದದೆ ಹಿಂದಕ್ಕೆ ಎಸೆಯುತ್ತಿದ್ದರು. ಆ ಶಿಸ್ತಿನಿಂದಲೇ ನಾನು ಅಲ್ಲಿ ಹೆಸರು ಪಡೆದಿದ್ದೆ.

ಲಿಯೊನೆಲ್ ಮಂಗಳೂರಿನ ಐಟಿಐಯಲ್ಲಿ ಟರ್ನರ್ ಕೆಲಸ ಕಲಿತು, ಪುಣೆಯ ಕಡೆಯ ಒಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದು ಬಂದವರು. ಗಿಡ್ಡನೆಯ ಆಳು, ದಪ್ಪ ಮುಂಗೈ, ದೊಡ್ಡ ಗಂಟಲು. ಅವರ ಮನೆ ಅಲ್ ಕುಸೈಸಿನಲ್ಲಿ ನನ್ನ ಕಟ್ಟಡದ ಎದುರಿಗೇ. ಅವರ ಹೆಂಡತಿ ಎವ್ಲಿನ್ ನೈಫ್ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಆರೂವರೆಯ ಸ್ಟಾಫ್ ಬಸ್ಸಿನಲ್ಲಿ ಲಿಯೊನೆಲ್ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಎಂಟು ವರ್ಷ ಹಾಗೆ ಕೂತಿದ್ದೇವೆ. ಮಧ್ಯಾಹ್ನ ಊಟದ ಕೋಣೆಯಲ್ಲಿ ಡಬ್ಬಿ ತೆರೆಯುವ ಮೊದಲು ತಪ್ಪದೆ ಎಚ್ಚರಿಸುತ್ತಿದ್ದರು:

"ರಾಯರೇ, ಒಣ ಸೀಗಡಿ ಚಟ್ನಿ ಉಂಟು. ಮೂಗು ಮುಚ್ಚುವುದಾದರೆ ಈಗಲೇ ಮುಚ್ಚಿ."

"ನೀವು ತಿನ್ನಿ, ನಾನು ಕಿಟಕಿ ಕಡೆ ತಿರುಗಿಕೊಳ್ತೀನಿ."

"ಕಿಟಕಿಯಲ್ಲಿ ಎಂತ ಉಂಟು ಮಾರಾಯ್ರೆ, ಮರಳು! ಮರಳು ನೋಡ್ಲಿಕ್ಕೆ ಮೈಸೂರಿಂದ ಬಂದ್ರಾ?"

ಅವರ ಕೆಲಸ ಖಾಲಿ ಕೇಸುಗಳನ್ನು ಮತ್ತೆ ತೋಟೆಯಾಗಿಸುವುದು. 1995ರ ನವೆಂಬರ್ 14, ಮಂಗಳವಾರ, ಅರ್ಬಾಬ್ ತಾವೇ ಒಂದು ಉದ್ದನೆಯ ಚರ್ಮದ ಚೀಲ ಹೊತ್ತು ವರ್ಕ್‌ಶಾಪಿಗೆ ಬಂದರು. ಒಳಗಿದ್ದದ್ದು ಯುರೋಪಿನಲ್ಲಿ ಮಹಾಯುದ್ಧಕ್ಕೂ ಮೊದಲು ತಯಾರಾದ ಎಂಟು ಮಿಲಿಮೀಟರಿನ ಬೇಟೆಯ ರೈಫಲ್.

"ಲಿಯೋ, ಯೇ ಮೇರಾ ಬಾಬಾ ಕಾ ಬಂದೂಕ್. ಇಸ್ಕಾ ಗೋಲಿ ಮಾಫಿ. ದುಬೈ ಮಾಫಿ, ಅಬುಧಾಬಿ ಮಾಫಿ. ತುಮ್ ಕರೇಗಾ?"

ತಂದೆಯ ಬಂದೂಕಿಗೆ ಎಲ್ಲಿಯೂ ತೋಟೆ ಸಿಗುತ್ತಿಲ್ಲ, ಮಾಡಿಕೊಡುತ್ತೀಯಾ ಎಂಬುದು ಪ್ರಶ್ನೆ. ಲಿಯೊನೆಲ್ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹೊರಗೆಳೆದು, ಒಳಕ್ಕೆ ಟಾರ್ಚು ಹಾಕಿ ಬಹಳ ಹೊತ್ತು ನೋಡಿ, "ಕರೇಗಾ, ಅರ್ಬಾಬ್" ಎಂದರು.

ಅವರು ಮಾಡಿದ್ದು ಹೀಗೆ. ಕ್ಲಬ್ಬಿನಲ್ಲಿ ಧಾರಾಳವಾಗಿದ್ದ ಇನ್ನೊಂದು ಅಳತೆಯ, ಇದಕ್ಕಿಂತ ಉದ್ದದ ಕೇಸುಗಳನ್ನು ಆರಿಸಿಕೊಂಡರು. ನೀರಿನ ತಟ್ಟೆಯಲ್ಲಿ ಅರ್ಧ ಮುಳುಗುವಂತೆ ನಿಲ್ಲಿಸಿ, ಕೊರಳಿಗೆ ಮಾತ್ರ ಬೆಂಕಿ ತೋರಿಸಿ, ಬಣ್ಣ ತಿರುಗಿದ ಕ್ಷಣವೇ ನೀರಿಗೆ ಕೆಡವಿ ಹಿತ್ತಾಳೆಯನ್ನು ಮೆತ್ತಗೆ ಮಾಡಿದರು. ಆಮೇಲೆ ಅಚ್ಚಿನಲ್ಲಿ ಒತ್ತಿ ಅದರ ಭುಜವನ್ನು, ಅಂದರೆ ಕೊರಳಿನ ಕೆಳಗಿನ ಇಳಿಜಾರನ್ನು, ಹಿಂದಕ್ಕೆ ತಳ್ಳಿ, ಹೆಚ್ಚಾದ ಉದ್ದವನ್ನು ಕೊಯ್ದು, ಕೊರಳನ್ನು ಹೊಸ ಅಳತೆಗೆ ಅಗಲಿಸಿದರು. ಹೀಗೆ ರೂಪ ಬದಲಾದರೂ ಕೇಸಿನ ಬುಡದಲ್ಲಿ ಹಳೆಯ ತೋಟೆಯ ಮುದ್ರೆಯೇ ಉಳಿಯುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಭುಜವನ್ನು ಎಷ್ಟು ತಳ್ಳಬೇಕೆಂಬುದರಲ್ಲಿಯೇ ಅವರ ಕೌಶಲವೆಲ್ಲ ಇತ್ತು. ಒಂದು ದಿನ ಬಸ್ಸಿನಲ್ಲಿ ನಾನೇ ಕೇಳಿದೆ, ಅದಕ್ಕೇಕೆ ಒಂದು ವಾರ ಹಿಡಿಯಿತೆಂದು.

"ಹೆಡ್‌ಸ್ಪೇಸ್ ರಾಯರೇ. ಬೋಲ್ಟ್ ಹಾಕಿದ ಮೇಲೆ ಅದರ ಮುಖದಿಂದ ಕೇಸಿನ ಭುಜ ಹೋಗಿ ಕೂರುವ ಜಾಗದವರೆಗೆ ಒಂದು ಅಳತೆ ಉಂಟು. ಕೇಸ್ ಉದ್ದ ಆದ್ರೆ ಬೋಲ್ಟ್ ಮುಚ್ಚುವುದಿಲ್ಲ, ಅದು ಒಳ್ಳೆಯದೇ, ಗೊತ್ತಾಗ್ತದೆ. ಗಿಡ್ಡ ಆದ್ರೆ? ಚಂದ ಮುಚ್ತದೆ. ಏನೂ ಗೊತ್ತಾಗುವುದಿಲ್ಲ. ಹೊಡೆದಾಗ ಮುಂದಿನ ಭಾಗ ಗೋಡೆಗೆ ಅಂಟ್ತದೆ, ಬುಡ ಹಿಂದಕ್ಕೆ ಹೋಗ್ತದೆ. ನಡುವೆ ಹಿತ್ತಾಳೆ ಚಪಾತಿ ಹಿಟ್ಟಿನ ಹಾಗೆ ಎಳೀತದೆ. ಒಂದು ದಿನ ಹರೀತದೆ. ಹರಿದ್ರೆ ಬೆಂಕಿ ಎಲ್ಲಿಗೆ ಬರುವುದು? ಹೊಡೆಯುವವನ ಮುಖಕ್ಕೆ."

"ಅದಕ್ಕೆ ಗೇಜು ಇದೆಯಲ್ಲ?"

"ಉಂಟು. ಹೋಗುವ ಗೇಜು, ಹೋಗಬಾರದ ಗೇಜು. ನಮ್ಮ ಮುದುಕಿ ಹೋಗಬಾರದ ಗೇಜನ್ನೂ ನುಂಗ್ತಾಳೆ! ಅವಳ ಹೊಟ್ಟೆ ಉದ್ದ. ಕೊನೆಯ ಗೇಜು ಒಂದು ಉಂಟು, ಅದನ್ನು ಮಾತ್ರ ನುಂಗ್ಲಿಲ್ಲ. ಹಾಗಾಗಿ ಅವಳ ಅಳತೆಗೇ ಹೊಲಿದದ್ದು ಹಾಕಿದ್ರೆ ಇನ್ನೂ ಇಪ್ಪತ್ತು ವರ್ಷ ಓಡ್ತಾಳೆ."

ಅರ್ಬಾಬರ ರೈಫಲ್‌ಗೆ ಅವರು ಇಟ್ಟ ಹೆಸರು ಮುದುಕಿ. ಕ್ಲಬ್ಬಿನಲ್ಲಿ ಅದೇ ಅಳತೆಯ ಇನ್ನೊಂದು ಹೊಸ ರೈಫಲ್ ಇತ್ತು. ಅದಕ್ಕೆ ಸೊಸೆ ಎಂದು ಹೆಸರು. ತೋಟೆ ಕೂರುವ ಅದರ ಒಳಗಿನ ಕೋಣೆ ಸರಿಯಾದ ಅಳತೆಯದು, ಅಂದರೆ ಮುದುಕಿಯದಕ್ಕಿಂತ ಗಿಡ್ಡ. ಎರಡಕ್ಕೂ ಲಿಯೊನೆಲ್ ಒಂದೇ ಬಗೆಯ ಕೇಸುಗಳನ್ನು ತಿದ್ದುತ್ತಿದ್ದರು. ಆದರೆ ಬೋಲ್ಟಿನ ಸ್ಪ್ರಿಂಗನ್ನೂ ಸೂಜಿಯನ್ನೂ ತೆಗೆದಿಟ್ಟು, ಬರಿಯ ಬೋಲ್ಟನ್ನು ಎರಡು ಬೆರಳಿನಲ್ಲಿ ತಿರುಗಿಸುತ್ತ, ಆಯಾ ರೈಫಲ್‌ಗೆ ತಕ್ಕಂತೆ ಭುಜವನ್ನು ಬೇರೆ ಬೇರೆಯಾಗಿ ನಿಲ್ಲಿಸುತ್ತಿದ್ದರು. ಒಮ್ಮೆ ಹಾರಿಸಿದ ಮೇಲೆ ಕೇಸು ಆ ರೈಫಲ್‌ನ ಒಳಮೈಯನ್ನೇ ಹೊತ್ತುಕೊಳ್ಳುತ್ತದೆ. ಮುಂದೆ ಅದನ್ನು ಇನ್ನೊಂದಕ್ಕೆ ಹಾಕಬಾರದು. ಹೊರನೋಟಕ್ಕೆ ವ್ಯತ್ಯಾಸ ಕಾಣದು. ಆದ್ದರಿಂದ ಹಾಲಿನ ಪುಡಿಯ ಎರಡು ಡಬ್ಬಿಗಳಿಗೆ ಆಸ್ಪತ್ರೆಯ ಪ್ಲಾಸ್ಟರ್ ಅಂಟಿಸಿ, ಒಂದರ ಮೇಲೆ 'ಮುದುಕಿ', ಇನ್ನೊಂದರ ಮೇಲೆ 'ಸೊಸೆ' ಎಂದು ಬರೆದಿಟ್ಟಿದ್ದರು.

"ಸೊಸೆಯ ರವಿಕೆ ಮುದುಕಿಗೆ ತೊಡಿಸಿದ್ರೆ ಹೊಲಿಗೆ ಬಿಡ್ತದೆ ರಾಯರೇ" ಎಂದು ಅವರು ಹೇಳಿದ್ದಕ್ಕೆ ನಾನು ನಕ್ಕಿದ್ದೆ. ಅದನ್ನು ತಮಾಷೆಯೆಂದೇ ತಿಳಿದಿದ್ದೆ.

2001ರ ಜೂನ್ 20ರಂದು ಲಿಯೊನೆಲ್‌ಗೆ ಅಬುಧಾಬಿಯಿಂದ ಒಂದು ಪತ್ರ ಬಂತು. ಅಲ್ಲಿ ಹೊಸದಾಗಿ ತೆರೆಯಲಿದ್ದ ಕ್ಲಬ್ಬೊಂದರ ವರ್ಕ್‌ಶಾಪಿಗೆ ಇವರನ್ನೇ ಮುಖ್ಯಸ್ಥರನ್ನಾಗಿ ಕರೆದಿದ್ದರು. 2002ರ ಜನವರಿ 1ರಿಂದ ಕೆಲಸ. ನಮ್ಮ ಕ್ಲಬ್ಬಿನ ಎನ್‌ಒಸಿ ಮತ್ತು ಕಳಂಕವಿಲ್ಲದ ಸೇವಾಪತ್ರ, ಇವೆರಡೇ ಬೇಕಾದದ್ದು. ಅರ್ಬಾಬ್ ಒಪ್ಪಿದ್ದರು. ಆ ಪತ್ರವನ್ನು ಲಿಯೊನೆಲ್ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಹರವಿದರು.

"ಓದಿ ರಾಯರೇ, ಗಟ್ಟಿಯಾಗಿ ಓದಿ. ಬಾಗಿಲಿನ ಮೇಲೆ ನನ್ನ ಹೆಸರಿನ ಬೋರ್ಡ್ ಹಾಕ್ತಾರಂತೆ. ಐಟಿಐಯಲ್ಲಿ ನನ್ನನ್ನು ಎರಡು ಸಲ ಫೇಲ್ ಮಾಡಿದ ಮಾಸ್ಟ್ರಿಗೆ ಇದರ ಝೆರಾಕ್ಸ್ ಕಳಿಸ್ಬೇಕು."

ಜುಲೈ 12ರಂದು ಅವರು ಊರಿಗೆ ರಜೆಯ ಮೇಲೆ ಹೋದರು. ಪೊಲೀಸ್ ಇಲಾಖೆಯ ವಾರ್ಷಿಕ ತಪಾಸಣೆ ಆಗಸ್ಟ್ 4, ಶನಿವಾರಕ್ಕೆ ಗೊತ್ತಾಗಿತ್ತು. ಜುಲೈ 31, ಮಂಗಳವಾರ, ನಾನು ಬೀಗದಕೈ ತೆಗೆದುಕೊಂಡು ವರ್ಕ್‌ಶಾಪಿಗೆ ಹೋದೆ. ಹಾಲಿನ ಡಬ್ಬಿಗಳನ್ನೂ, ಮುದುಕಿ ಸೊಸೆ ಎಂಬ ಬರಹಗಳನ್ನೂ ತಪಾಸಣೆಯವರಿಗೆ ತೋರಿಸುವುದು ನನ್ನಿಂದಾಗದು. ನೈಫ್‌ನ ಅಂಗಡಿಯಿಂದ ಒಂದೇ ಅಳತೆಯ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತರಿಸಿದ್ದೆ. 'ರೈಫಲ್ 11', 'ರೈಫಲ್ 12' ಎಂದು ಚೀಟಿಗಳನ್ನು ಟೈಪು ಮಾಡಿಸಿದ್ದೆ. ಪರವಾನಗಿಯ ಪ್ರಕಾರ ಪ್ರತಿಯೊಂದು ರೈಫಲ್‌ಗೂ ಅರವತ್ತು ಕೇಸುಗಳು. ವಹಿಯಲ್ಲಿಯೂ ಅರವತ್ತು, ಅರವತ್ತು ಎಂದೇ ಇತ್ತು.

ಡಬ್ಬಿಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಮುದುಕಿಯ ಡಬ್ಬಿಯಲ್ಲಿ ನಲವತ್ತಮೂರು, ಸೊಸೆಯ ಡಬ್ಬಿಯಲ್ಲಿ ಎಪ್ಪತ್ತೇಳು. ಒಟ್ಟು ನೂರಿಪ್ಪತ್ತು ಸರಿಯಾಗಿಯೇ ಇತ್ತು. ಮುದುಕಿಯ ಕೇಸುಗಳಲ್ಲಿ ಸವೆದವನ್ನು ಲಿಯೊನೆಲ್ ತೆಗೆದುಹಾಕಿ, ಒಟ್ಟು ಲೆಕ್ಕ ತಪ್ಪದಂತೆ ಸೊಸೆಗೆ ಹೊಸದನ್ನು ತಿದ್ದಿದ್ದರೆಂದು ಆಮೇಲೆ ತಿಳಿಯಿತು. ನಾನು ಒಂದೊಂದನ್ನೂ ತಿರುಗಿಸಿ ಬುಡದ ಮುದ್ರೆ ನೋಡಿದೆ. ಎಲ್ಲದರ ಮೇಲೂ ಒಂದೇ ಮುದ್ರೆ. ಉದ್ದವೂ ಕಣ್ಣಿಗೆ ಒಂದೇ. ಹಾಗಾಗಿ ಸೊಸೆಯ ರಾಶಿಯಿಂದ ಹದಿನೇಳನ್ನು ಎಣಿಸಿ ಮುದುಕಿಯ ಪೆಟ್ಟಿಗೆಗೆ ಹಾಕಿ ಎರಡನ್ನೂ ಅರವತ್ತು ಮಾಡಿದೆ. ಮೊದಲೂ ವಹಿಯಲ್ಲಿ ಅರವತ್ತು, ಈಗಲೂ ಅರವತ್ತು. ಆದ್ದರಿಂದ ವಹಿಗೆ ಏನನ್ನೂ ಬರೆಯುವ ಅಗತ್ಯ ಬೀಳಲಿಲ್ಲ. ಸಂಜೆ ಬಸ್ಸು ಹತ್ತುವಾಗ ಒಂದು ತೊಡಕನ್ನು ಬಿಡಿಸಿದ ಸಮಾಧಾನವೇ ನನಗಿತ್ತು. ತಪಾಸಣೆಯ ಅಧಿಕಾರಿ ಪೆಟ್ಟಿಗೆಗಳನ್ನು ನೋಡಿ ಅರಬಿಯಲ್ಲಿ "ಜೈನ್, ಜೈನ್", ಚೆನ್ನಾಗಿದೆ ಎಂದು ಮೆಚ್ಚಿಕೊಂಡು ರುಜು ಹಾಕಿದರು.

ಲಿಯೊನೆಲ್ ಆಗಸ್ಟ್ 27, ಸೋಮವಾರ ಕೆಲಸಕ್ಕೆ ಮರಳಿದರು. ಬೆಳಿಗ್ಗೆ ಎಂಟೂ ಕಾಲಿಗೆ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಎರಡೂ ಪೆಟ್ಟಿಗೆಗಳು.

"ಎಂತ ರಾಯರೇ ಇದು! ನನ್ನ ಮುದುಕಿಯನ್ನು ಕೈದಿ ಮಾಡಿದ್ದೀರಲ್ಲ, ನಂಬರ್ ಹನ್ನೊಂದು!" ಜೋರಾಗಿ ನಕ್ಕರು. ಆಚೆ ಮೇಜಿನವರೂ ನಕ್ಕರು. "ತಮಾಷೆ ಬಿಡಿ. ಡಬ್ಬಿಯದ್ದು ಡಬ್ಬಿಯದ್ದೇ ಅಲ್ವಾ? ಒಂದರದ್ದು ಇನ್ನೊಂದಕ್ಕೆ ಹೋಗ್ಲಿಲ್ಲ ಅಲ್ವಾ?"

ನಾಲ್ಕು ಜನರ ಮುಂದೆ ನಗೆಗೀಡಾದ ಸಿಟ್ಟಿನಲ್ಲಿ ನಾನು ತಲೆಯೆತ್ತದೆ ಹೇಳಿದೆ: "ನನ್ನ ಕೈಯಲ್ಲಿ ಯಾವತ್ತಾದರೂ ಹೆಚ್ಚುಕಮ್ಮಿ ಆಗಿದೆಯೇನ್ರೀ? ಎಲ್ಲಾ ಸರಿಯಾಗಿದೆ. ಹೋಗಿ ಕೆಲಸ ನೋಡಿ."

"ನೀವು ಹೇಳಿದ ಮೇಲೆ ಮುಗೀತು" ಎಂದು ಅವರು ಹೋದರು.

ಬೇಸಿಗೆಯಲ್ಲಿ ಅರ್ಬಾಬ್ ಬಂದೂಕು ಮುಟ್ಟುತ್ತಿರಲಿಲ್ಲ. ಚಳಿ ಶುರುವಾದ ಮೇಲೆ ನವೆಂಬರ್ 7ರಂದು ಲಿಯೊನೆಲ್ ಮುದುಕಿಯ ಪೆಟ್ಟಿಗೆಯಿಂದ ಇಪ್ಪತ್ತು ಕೇಸುಗಳನ್ನು ತೆಗೆದು ತೋಟೆ ತುಂಬಿದರು. ಕೈಗೆ ಸಿಕ್ಕ ಮೊದಲಿನ ಮೂರನ್ನು ಅಳೆದರು, ಸರಿಯಾಗಿದ್ದವು. ಉಳಿದವನ್ನು ಅಳೆಯಲಿಲ್ಲ. ನವೆಂಬರ್ 9, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ಅರ್ಬಾಬ್ ತಮ್ಮ ತಂದೆಯ ರೈಫಲ್ ಹಿಡಿದು ಮರಳಿನ ಚೀಲದ ಮುಂದೆ ಕೂತರು. ಏಳು ಗುಂಡು ನೆಟ್ಟಗೆ ಹೋದವು. ಎಂಟನೆಯದರ ಸದ್ದೇ ಬೇರೆಯಾಗಿತ್ತು. ನಾನು ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಅರ್ಬಾಬ್ ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡಿದ್ದರು. ಕನ್ನಡಕದ ಗಾಜು ಕಪ್ಪಾಗಿತ್ತು, ಕೆನ್ನೆಯಲ್ಲಿ ಹಿತ್ತಾಳೆಯ ಚೂರುಗಳು ಕೂತಿದ್ದವು, ರೈಫಲ್‌ನ ಮರದ ಹಿಡಿ ಉದ್ದಕ್ಕೂ ಸೀಳಿತ್ತು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಲಿಯೊನೆಲ್ ಬೋಲ್ಟನ್ನು ತಟ್ಟಿ ತೆರೆದಾಗ ಕೇಸಿನ ಬುಡ ಮಾತ್ರ ಹೊರಗೆ ಬಂತು. ಉಳಿದ ಭಾಗ ಒಳಗೇ ಕಚ್ಚಿಕೊಂಡಿತ್ತು. ಅವರು ಆ ಬುಡವನ್ನು ಅಂಗೈಯಲ್ಲಿ ಹಿಡಿದು ನಿಂತರು. ಬೇರೆಯವರು ಅರ್ಬಾಬರನ್ನು ಕಾರಿಗೆ ಹತ್ತಿಸಿದರು.

ಮರುದಿನ, ಶನಿವಾರ, ಅವರು ನನ್ನನ್ನು ವರ್ಕ್‌ಶಾಪಿಗೆ ಕರೆದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮುದುಕಿಯ ಪೆಟ್ಟಿಗೆಯ ಅಷ್ಟೂ ಕೇಸುಗಳನ್ನು, ತುಂಬಿದ್ದವನ್ನು ಬಿಚ್ಚಿ, ಒಂದೊಂದಾಗಿ ಅಳೆದು ಎರಡು ಸಾಲಿನಲ್ಲಿ ನಿಲ್ಲಿಸಿದ್ದರು. ಒಂದು ಸಾಲು ಉದ್ದ, ಒಂದು ಚಿಕ್ಕದು. ಚಿಕ್ಕ ಸಾಲಿನ ಕೊನೆಯಲ್ಲಿ ಹರಿದ ಬುಡ.

"ಎಣಿಸಿ ರಾಯರೇ."

ನಾನು ಎಣಿಸಬೇಕಾಗಿರಲಿಲ್ಲ. ಆದರೂ ಎಣಿಸಿದೆ. ಹದಿನೇಳು.

"ಇದು ಸೊಸೆಯದ್ದು. ಇಂಚಿನ ಸಾವಿರದಲ್ಲಿ ಹನ್ನೆರಡು ಪಾಲು ಗಿಡ್ಡ. ಇದು ಹೇಗೆ ಬಂತು ಇಲ್ಲಿಗೆ?"

ಅವರು ನನ್ನ ಮುಖ ನೋಡಿದರು. ಉತ್ತರ ಅಲ್ಲಿಯೇ ಸಿಕ್ಕಿರಬೇಕು. ಧ್ವನಿ ತಗ್ಗಿಸಿದರು, ಅವರ ಗಂಟಲು ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಂದೂ ತಪ್ಪುಂಟು. ಇಪ್ಪತ್ತೂ ಅಳೆಯಬೇಕಿತ್ತು, ಮೂರು ಅಳೆದೆ. ಅದನ್ನು ನಾನೇ ಹೇಳ್ತೇನೆ, ಮುಚ್ಚಿಡುವುದಿಲ್ಲ. ಆದ್ರೆ ಅವರು ಎಂತ ಹೇಳ್ತಾರೆ ಗೊತ್ತುಂಟಾ? ಲಿಯೊನೆಲ್‌ಗೆ ಭುಜ ತಳ್ಳಲಿಕ್ಕೆ ಬರುವುದಿಲ್ಲ, ಕೈ ಸರಿ ಇಲ್ಲ ಅಂತ ಬರೀತಾರೆ. ಅದೊಂದು ಬರೆದ್ರೆ ಅಬುಧಾಬಿ ಖಲಾಸ್. ನಿಮ್ಮದು ನೀವು ಹೇಳಿ. ಒಂದೇ ಮಾತು. ಹದಿನೇಳು ಆಚೆಯಿಂದ ಈಚೆಗೆ ಬಂತು ಅಂತ. ಬೇರೆ ಏನೂ ಬೇಡ."

"ವಹಿ ನೋಡಿ ಹೇಳ್ತೀನಿ" ಎಂದೆ.

ವಹಿಯಲ್ಲಿ ಏನೂ ಇಲ್ಲವೆಂಬುದು ನನಗೆ ಗೊತ್ತಿತ್ತು. 2002ರ ಫೆಬ್ರವರಿ 18ಕ್ಕೆ ನನಗೆ ಅರವತ್ತು ತುಂಬುವುದಿತ್ತು. ಅರವತ್ತು ದಾಟಿದವರ ವೀಸಾ ಮುಂದುವರಿಯಬೇಕಾದರೆ ಅರ್ಬಾಬರ ವಿಶೇಷ ರುಜು ಬೇಕು. ನನ್ನ ಅರ್ಜಿ ನವೆಂಬರ್ 1ರಿಂದ ಆಡಳಿತಾಧಿಕಾರಿಯ ಮೇಜಿನ ಮೇಲಿತ್ತು. ಅರ್ಬಾಬರ ಕೆನ್ನೆಗೆ ಪಟ್ಟಿ ಸುತ್ತಿದ್ದ ಆ ವಾರದಲ್ಲಿ ಅವರ ಮುಂದೆ ನಿಂತು 'ನಾನು ಬೆರೆಸಿದೆ' ಎನ್ನುವ ಧೈರ್ಯ ನನಗೆ ಬರಲಿಲ್ಲ.

ವಿಚಾರಣೆ ನವೆಂಬರ್ 12, ಸೋಮವಾರ. ನಡೆಸಿದವರು ಆಡಳಿತಾಧಿಕಾರಿ ಸುಸನ್, ಕೋಟ್ಟಯಂ ಕಡೆಯ ಹೆಂಗಸು. ಬಹಳ ನ್ಯಾಯವಾಗಿ, ಇಂಗ್ಲಿಷಿನಲ್ಲಿ, ನಿಧಾನವಾಗಿ ಕೇಳುತ್ತಿದ್ದರು. ಲಿಯೊನೆಲ್ ತಾವು ಮೂರೇ ಅಳೆದದ್ದನ್ನು ಮೊದಲೇ ಒಪ್ಪಿಕೊಂಡರು. ಹದಿನೇಳು ಕೇಸುಗಳು ಬೇರೆ ರೈಫಲ್‌ನವು ಎಂದೂ ಹೇಳಿದರು. ಸುಸನ್ ನನ್ನ ಕಡೆ ತಿರುಗಿದರು.

"ಮಿಸ್ಟರ್ ದ್ವಾರಕನಾಥ, ಎರಡು ಪೆಟ್ಟಿಗೆಗಳ ನಡುವೆ ಏನಾದರೂ ಅದಲುಬದಲಾಗಿದೆಯೆ?"

ವಹಿ ನನ್ನ ಮುಂದೆ ತೆರೆದಿತ್ತು. "ರಿಜಿಸ್ಟರ್ ಪ್ರಕಾರ ಇಲ್ಲ, ಮೇಡಂ" ಎಂದೆ.

ಆ ವಾಕ್ಯದಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಆಡಿದ ಅತಿ ಕೀಳಾದ ಮಾತು ಅದೇ.

ಲಿಯೊನೆಲ್ ಕುರ್ಚಿಯಲ್ಲಿ ನನ್ನತ್ತ ತಿರುಗಿ ಕಾದರು. ನಾನು ಇನ್ನೂ ಏನೋ ಹೇಳುವವನಿದ್ದೇನೆಂದು ಅವರು ನಿಜವಾಗಿಯೂ ನಂಬಿದ್ದರು. ಸುಸನ್ ಎರಡನೆಯ ಸಲ, "ನಿಮಗೆ ಇನ್ನೇನಾದರೂ ಹೇಳಲಿಕ್ಕಿದೆಯೆ, ಲಿಯೊನೆಲ್? ಯಾರನ್ನಾದರೂ ಕೇಳಿದ್ದಿರಾ, ಯಾರಾದರೂ ಹೇಳಿದ್ದರಾ?" ಎಂದರು. ಲಿಯೊನೆಲ್ ನನ್ನಿಂದ ಕಣ್ಣು ತೆಗೆದು ತೆರೆದ ವಹಿಯ ಕಡೆ ನೋಡಿದರು. "ಕೇಳಿದ್ದೆ ಅಂತ ನೆನಪು, ಮೇಡಂ. ಖಾತ್ರಿ ಇಲ್ಲ" ಎಂದರು.

ವರದಿಯಲ್ಲಿ 'ಕೇಸು ತಿದ್ದುವಲ್ಲಿ ಹಾಗೂ ಅಳತೆ ಪರೀಕ್ಷಿಸುವಲ್ಲಿ ಕೆಲಸಗಾರನ ನಿರ್ಲಕ್ಷ್ಯ' ಎಂದು ಬರೆಯಲಾಯಿತು. ಅದನ್ನು ಟೈಪು ಮಾಡಿ ತಾರೀಖು ಹಾಕಿದವನು ನಾನು. ಎನ್‌ಒಸಿ ಸಿಗಲಿಲ್ಲ, ಕ್ಲಬ್ಬು ಅವರ ವೀಸಾವನ್ನೂ ರದ್ದು ಮಾಡಿತು, ಅಬುಧಾಬಿಯವರು ಬೇರೊಬ್ಬರನ್ನು ತೆಗೆದುಕೊಂಡರು. ಮುಂದಿನ ಮೂರು ವಾರ ಬಸ್ಸಿನಲ್ಲಿ ಲಿಯೊನೆಲ್ ಹಿಂದಿನ ಸೀಟಿನಲ್ಲಿ ಕೂತರು. ಡಿಸೆಂಬರ್ 6ರ ವಿಮಾನಕ್ಕೆ ನಾನು ಹೋಗಲಿಲ್ಲ. ಎವ್ಲಿನ್ ಅವರ ವೀಸಾ ಕ್ಲಿನಿಕ್ಕಿನದಾದ್ದರಿಂದ ಅವರು ಉಳಿದರು. ಫ್ಲಾಟು ಬಿಟ್ಟು ನೈಫ್‌ನಲ್ಲಿ ಐದು ಜನರ ಕೋಣೆಯೊಂದರಲ್ಲಿ ಬೆಡ್‌ಸ್ಪೇಸ್ ಹಿಡಿದರು. ನನ್ನ ವೀಸಾದ ಅರ್ಜಿಗೆ 2002ರ ಜನವರಿ 20ರಂದು ರುಜು ಬಿತ್ತು.

2003ರ ಸೆಪ್ಟೆಂಬರ್ 15, ಸೋಮವಾರ, ಎವ್ಲಿನ್ ಕ್ಲಬ್ಬಿಗೆ ಬಂದರು. ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು. ಗಂಡನ ಲಾಕರಿನಲ್ಲಿ ಉಳಿದಿದ್ದ ಸ್ವಂತ ಸಲಕರಣೆಗಳನ್ನು ಒಯ್ಯಬೇಕಿತ್ತು. ಗೇಟ್‌ಪಾಸಿಗೆ ಪಟ್ಟಿ ಮಾಡುವುದು ನನ್ನ ಕೆಲಸ. ಮೈಕ್ರೋಮೀಟರ್ ಒಂದು, ಅರಗಳು ನಾಲ್ಕು, ಭೂತಗನ್ನಡಿ ಒಂದು ಎಂದು ಬರೆಯುತ್ತ, ಲಿಯೊನೆಲ್ ಹೇಗಿದ್ದಾರೆಂದು ಕೇಳಿದೆ.

"ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿಗೆ ಹೋಗ್ತಾರೆ" ಎಂದರು. ಮೈಕ್ರೋಮೀಟರನ್ನು ಕೈಗೆತ್ತಿಕೊಂಡರು. "ಈ ಮೈಕ್ರೋಮೀಟರ್ ಬೇಡ ಅಂದಿದ್ರು. ನಾನೇ ತಗೊಂಡು ಹೋಗ್ತೇನೆ. ಅವರು ಈಗ ಮುಂಚಿನ ಹಾಗೆ ಇಲ್ಲ ರಾಯರೇ. ಒಂದು ನಟ್ಟು ಬಿಗಿದ್ರೆ ನಾಲ್ಕು ಸಲ ವಾಪಸ್ ಬಂದು ನೋಡ್ತಾರೆ. ಬೋಟಿನವರು ಬಯ್ತಾರೆ. ನಾನು ರಜೆಯಲ್ಲಿ ಹೋಗಿದ್ದಾಗ ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಎರಡು ಸಲ ತಿರುಗಿ ಹೋದ್ರು. 'ನಾನು ಮಾಡಿದ್ದು ನನಗೇ ನೆನಪಿರುವುದಿಲ್ಲ ಎವ್ಲಿ' ಅಂತಾರೆ. ಅವರಿಗೆ ನೆನಪಿರುವುದಿಲ್ಲವಾ? ನಮ್ಮ ಮದುವೆಯ ದಿನ ಬ್ಯಾಂಡಿನವರು ಯಾವ ಹಾಡು ತಪ್ಪಿಸಿದ್ರು ಅಂತ ಹೇಳುವ ಜನ!"

ನನ್ನ ಪೆನ್ನು ಪಟ್ಟಿಯ ಮೇಲೆ ನಿಂತಿತು. ಅವರು ಗೇಟ್‌ಪಾಸ್ ಹಿಡಿದು ಹೊರಟುಹೋದ ಮೇಲೂ ನಾನು ಅದೇ ಕುರ್ಚಿಯಲ್ಲಿದ್ದೆ.

ಮರುದಿನ ಬೆಳಿಗ್ಗೆ ಸುಸನ್ ಅವರ ಕೋಣೆಗೆ ಹೋಗಿ, ಬಾಗಿಲು ಹಾಕಿ, 2001ರ ಜುಲೈ 31ರಂದು ನಾನು ಮಾಡಿದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದೇ ಹೇಳಿದ್ದರೆ ನಿಮ್ಮಿಬ್ಬರಿಗೂ ಒಂದೊಂದು ಎಚ್ಚರಿಕೆ ಪತ್ರ ಕೊಟ್ಟು ಮುಗಿಸುತ್ತಿದ್ದೆ, ಮಿಸ್ಟರ್ ದ್ವಾರಕನಾಥ. ಅರ್ಬಾಬ್‌ಗೂ ಲಿಯೊನೆಲ್ ಮೇಲೆ ಪ್ರೀತಿಯಿತ್ತು. ನಿಮ್ಮ ವೀಸಾಕ್ಕೆ ಅವರು ನೀವು ಅರ್ಜಿ ಕೊಡುವ ಮೊದಲೇ, ಅಕ್ಟೋಬರಿನಲ್ಲೇ, ಬಾಯಲ್ಲಿ ಒಪ್ಪಿಗೆ ಕೊಟ್ಟಿದ್ದರು."

ನಾನು ಹೆದರಿದ್ದಕ್ಕೆ ಕಾರಣವೇ ಇರಲಿಲ್ಲವೆಂಬುದು ಹೀಗೆ ತಿಳಿಯಿತು. ವಹಿಯ ಆ ಪುಟದಲ್ಲಿ ಕೆಂಪು ಮಸಿಯಲ್ಲಿ ನಾಲ್ಕು ಸಾಲು ಬರೆದು, ಬರೆದ ದಿನದ ತಾರೀಖನ್ನೇ, 2003ರ ಸೆಪ್ಟೆಂಬರ್ 16 ಎಂದು, ಹಾಕಿ ರುಜು ಮಾಡಿದೆ. ಸುಸನ್ ಪಕ್ಕದಲ್ಲಿ ರುಜು ಹಾಕಿದರು. ಅದರ ಪ್ರತಿಯನ್ನೂ, ಕ್ಲಬ್ಬಿನ ಮೊಹರಿದ್ದ ಹೊಸ ಸೇವಾಪತ್ರವನ್ನೂ ಲಕೋಟೆಯಲ್ಲಿ ಹಾಕಿಕೊಂಡು ಸೆಪ್ಟೆಂಬರ್ 18, ಗುರುವಾರ, ಸಂಜೆ ಐದಕ್ಕೆ ನೈಫ್‌ಗೆ ಹೋದೆ.

ಕ್ಲಿನಿಕ್ಕಿನ ಮುಂದಿನ ಫುಟ್‌ಪಾತಿನಲ್ಲಿಯೇ ಎವ್ಲಿನ್ ಓದಿದರು. ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ.

"ಎರಡು ವರ್ಷ ಪ್ರತಿ ಗುರುವಾರ ಕಾರ್ಡ್ ಹಾಕಿ ಮಾತಾಡಿದ್ದೇನೆ" ಎಂದರು. "ಒಂದು ಸಲ ಕೂಡ ಅವರು ನಿಮ್ಮ ಹೆಸರು ಎತ್ತಿಲ್ಲ. ಬನ್ನಿ."

ಬಟ್ಟೆಯಂಗಡಿಯ ಪಕ್ಕದ ಫೋನ್ ಬೂತಿನಲ್ಲಿ ನಂಬರು ಒತ್ತಿ, ಕೊಂಕಣಿಯಲ್ಲಿ ಬಹಳ ಹೊತ್ತು ಏನೋ ಹೇಳಿ, ಪತ್ರವನ್ನು ಓದಿ, ಕೊನೆಗೆ ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ಹಲೋ, ರಾಯರಾ?" ಗಂಟಲು ಹಳೆಯದೇ. "ಸೊಂಟ ನೋವು ಹೇಗುಂಟು?"

"ಲಿಯೊನೆಲ್, ನಾನು ನಿಮಗೆ ಮಾಡಿದ್ದು..."

"ಎವ್ಲಿ ಓದಿದಳು. ಬರೆದದ್ದು ಚಂದ ಉಂಟು. ಅಬುಧಾಬಿಯವರು ಈಗ ಕಾಯ್ತಾ ಕೂತಿರುವುದಿಲ್ಲ, ಅದು ಬಿಡಿ. ಮುದುಕಿ ಎಲ್ಲಿದ್ದಾಳೆ?"

"ಅರ್ಬಾಬ್ ಮನೆಯ ಮಜ್ಲಿಸ್‌ನಲ್ಲಿ, ಗೋಡೆ ಮೇಲೆ. ಬೋಲ್ಟ್ ತೆಗೆದಿಟ್ಟಿದ್ದಾರೆ."

"ಪಾಪ. ರಾಯರೇ, ಒಂದು ಕೇಳ್ಬೇಕಿತ್ತು. ನೀವು ಸರಿಯಾಗಿ ಹೇಳ್ತೀರಿ ಅಂತ ಕೇಳುವುದು. ನಾನು ರಜೆಯಿಂದ ಬಂದ ದಿನ ನಿಮ್ಮ ಹತ್ರ ಬಂದು ಕೇಳಿದ್ದೆ ಅಲ್ವಾ? ಡಬ್ಬಿಯದ್ದು ಡಬ್ಬಿಯದ್ದೇ ಅಲ್ವಾ ಅಂತ? ಕೇಳಿದ್ದೆ ಅಂತ ನನಗೆ ನೆನಪು. ಆದ್ರೆ ವಿಚಾರಣೆಯ ದಿನ ನೀವು ಬೇರೆ ಏನೂ ಹೇಳದೆ ಕೂತಾಗ, ಕೇಳಲೇ ಇಲ್ಲವೋ ಏನೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ ಏನೋ ಅಂತ ಆಯ್ತು. ಎರಡು ವರ್ಷದಿಂದ ಅದೇ."

"ಕೇಳಿದ್ದಿರಿ" ಎಂದೆ. "2001, ಆಗಸ್ಟ್ 27, ಸೋಮವಾರ. ಬೆಳಿಗ್ಗೆ ಎಂಟೂ ಕಾಲು. ನಿಮ್ಮ ಎರಡೂ ಕೈಯಲ್ಲಿ ಪೆಟ್ಟಿಗೆ ಇತ್ತು. ಮುದುಕಿಯನ್ನು ಕೈದಿ ಮಾಡಿದ್ದೀರಿ ಅಂತ ನಕ್ಕಿರಿ. ಆಮೇಲೆ ಕೇಳಿದಿರಿ. ಎಲ್ಲಾ ಸರಿಯಾಗಿದೆ ಅಂತ ನಾನು ಹೇಳಿದೆ."

ಆ ಕಡೆಯಿಂದ ಯಾರೋ ಅವರನ್ನು ತುಳುವಿನಲ್ಲಿ ಕೂಗುತ್ತಿದ್ದರು.

"ಸೋಮವಾರ" ಎಂದರು ಲಿಯೊನೆಲ್. "ಹೌದು. ಸೋಮವಾರವೇ. ಸರಿ ರಾಯರೇ. ಎವ್ಲಿಗೆ ಕೊಡಿ."

ರಿಸೀವರನ್ನು ಎವ್ಲಿನ್ ಅವರ ಕೈಗೆ ಕೊಟ್ಟು ನಾನು ಬೂತಿನಿಂದ ಹೊರಗೆ ಬಂದೆ. ಅವರು ನನ್ನ ಕಡೆ ಬೆನ್ನು ಮಾಡಿ, ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮಾತಾಡತೊಡಗಿದರು. ಕುಸೈಸಿನ ಬಸ್ಸು ಹಿಡಿಯಲು ಸ್ಟಾಪಿನ ಕಡೆ ನಡೆದೆ. ಅರ್ಧ ದಾರಿಯಲ್ಲಿ, ಲಿಯೊನೆಲ್ ಅವರ ಕ್ಷಮೆ ಕೇಳಲು ಮರೆತೆನೆಂಬುದು ನೆನಪಾಯಿತು.